ಸಿಲಿಂಡರ್ ಇದ್ದರೆ ಸಾಲದು, ಕೈಗೆ ಎಟುಕಬೇಕು

ರೇಸ್ ಚಾಲಕರು ತೊಡುವ ಸೂಟಿಗೆ ಬೆಂಕಿ ತಾಗುವುದಿಲ್ಲ ಎಂಬ ನಂಬಿಕೆ ನೋಡುಗರಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಆ ಸೂಟು ಕೊಡುವುದು ಒಂದು ಸಣ್ಣ ಗಡುವನ್ನಷ್ಟೇ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ 2018ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ, ಸೂಟಿನ ಬಟ್ಟೆಯನ್ನು ಪ್ರಯೋಗಾಲಯದಲ್ಲಿ ಜ್ವಾಲೆಗೆ ಒಡ್ಡಿದಾಗ ಒಳಬದಿಯ ಉಷ್ಣತೆ 24 ಡಿಗ್ರಿ ಏರುವುದಕ್ಕೆ ಕನಿಷ್ಠ 12 ಸೆಕೆಂಡು ಹಿಡಿಯಬೇಕು. ಫಾರ್ಮುಲಾ ಒನ್ ಚಾಲಕ ನಿಂತ ಕಾರಿನಿಂದ 7 ಸೆಕೆಂಡಿನೊಳಗೆ ಹೊರಬರಬಲ್ಲೆನೆಂದು ಮೊದಲೇ ಮಾಡಿ ತೋರಿಸಬೇಕು. ಕೈಕಾಲು ನೆಟ್ಟಗಿದ್ದು, ತಲೆ ಸ್ವಾಧೀನದಲ್ಲಿದ್ದು, ಕಾರು ನಾಲ್ಕು ಚಕ್ರದ ಮೇಲೆ ನಿಂತಿರುವಾಗಿನ ಲೆಕ್ಕ ಅದು. ಹೀಗೆ ಎಲ್ಲ ಅನುಕೂಲ ಇದ್ದರೂ ಮಿಗುವುದು ಐದು ಸೆಕೆಂಡು. ರ‍್ಯಾಲಿ ಕಾರಿನಲ್ಲಿ ಮಗುಚಿ ಬಿದ್ದವರ ಲೆಕ್ಕ ಬೇರೆ. ಸುತ್ತ ಕಬ್ಬಿಣದ ರೋಲ್ ಕೇಜ್, ಎರಡೂ ಪಕ್ಕ ಒತ್ತಿ ಹಿಡಿಯುವ ಬಕೆಟ್ ಸೀಟು, ಆರು ಕಡೆ ಬಿಗಿದ ಬೆಲ್ಟು, ಪಕ್ಕದಲ್ಲಿ ನ್ಯಾವಿಗೇಟರ್, ಅದರ ಮೇಲೆ ತಲೆಕೆಳಗಾದ ಕಾರು. ಆ ಐದು ಸೆಕೆಂಡು ಬೆಲ್ಟಿನ ಬಕಲ್ ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಕಾರಿನೊಳಗೇ ಪೈಪು ಎಳೆದು ಕೂರಿಸುವ ಬೆಂಕಿ ನಂದಿಸುವ ವ್ಯವಸ್ಥೆ ಇರುವುದು ಈ ಗಡುವನ್ನು ಹಿಗ್ಗಿಸಲು. ನಮ್ಮಲ್ಲಿ ಅದನ್ನು ಬಹುಮಟ್ಟಿಗೆ ತಪಾಸಣೆಯಲ್ಲಿ ಪಾಸಾಗಲು ಕೊಳ್ಳುವ ಸಾಮಾನಿನಂತೆ ಕಾಣುತ್ತಾರೆ. ಸಿಲಿಂಡರ್ ಇದೆಯೇ, ಇದೆ. ಚೀಟಿಯ ಮೇಲೆ ತಾರೀಖು ಇದೆಯೇ, ಇದೆ. ಮುಂದಿನ ಕಾರು ಬರಲಿ. ನನ್ನ ವಾದ ಎರಡು ತುಂಡಿನದು, ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲುವುದಿಲ್ಲ. ಗಡಿಯಾರದ ವಿರುದ್ಧ ಓಡುವ ಪ್ರತಿ ಮುಚ್ಚಿದ ಕಾರಿನಲ್ಲೂ, ಅದು ಹವ್ಯಾಸಿಗಳ ಸ್ಪರ್ಧೆಯಾಗಿದ್ದರೂ, ಈ ವ್ಯವಸ್ಥೆ ಕಡ್ಡಾಯವಾಗಬೇಕು. ಹಾಗೆಯೇ, ಅದನ್ನು ಕೊಂಡಿದ್ದಾರೆಯೇ ಎಂದು ನೋಡಿ ಸುಮ್ಮನಾಗದೆ, ಬೆಲ್ಟು ಬಿಗಿದು ಕುಳಿತ ಚಾಲಕ ಅದನ್ನು ಚಲಾಯಿಸಬಲ್ಲನೇ ಎಂಬುದನ್ನು ಪರೀಕ್ಷಿಸಬೇಕು. ಬರೀ ಕಡ್ಡಾಯ ಮಾಡಿ ಕೈತೊಳೆದುಕೊಂಡರೆ ಕಾರುಗಳ ತೂಕ ಹೆಚ್ಚುತ್ತದೆಯೇ ಹೊರತು ಸುರಕ್ಷತೆ ಹೆಚ್ಚುವುದಿಲ್ಲ.

ಬೆಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಇಂಥದ್ದೊಂದು ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗಾಗಿ ಕಾದಿರುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಕೆಳಕ್ಕೆ ಇಳಿದು, ಕಾಲಿಡುವ ಜಾಗದಲ್ಲಿ ಬಂದು ನಿಲ್ಲುತ್ತದೆ. ಕಿಡಿಯೂ ಬೇಕಿಲ್ಲ, ತುಂಬ ಕಾದ ಲೋಹ ತಾಗಿದರೆ ಸಾಕು. ಜೋರಾಗಿ ಓಡಿಸಿದ ಎಂಜಿನ್ನಿನ ಟರ್ಬೊ ಕೆಂಪಗೆ ಹೊಳೆಯುವಷ್ಟು ಕಾದಿರುತ್ತದೆ. ಕಲ್ಲು ಬಡಿದು ಸಡಿಲವಾದ ಇಂಧನದ ಪೈಪು, ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುವ ಆಯಿಲ್, ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಬಿಟ್ಟ ವೈರು: ರೇಸ್ ಕಾರಿನ ಬೆಂಕಿ ಸಾಮಾನ್ಯವಾಗಿ ಶುರುವಾಗುವುದು ಇಂಥ ಕಡೆ. ಅಂಗೈಯಗಲದ ಆ ಉರಿಯನ್ನು ಮೊದಲ ಕೆಲವು ಸೆಕೆಂಡುಗಳಲ್ಲಿ ಅದರ ಬುಡದಲ್ಲೇ ಅದುಮಿದರೆ ಎರಡು ಮೂರು ಲೀಟರ್ ದ್ರವ ಬೇಕಾದಷ್ಟಾಯಿತು. ಒಂದು ನಿಮಿಷ ಬಿಟ್ಟರೆ ಅಗ್ನಿಶಾಮಕ ವಾಹನವೇ ಬರಬೇಕು.

ಹೊರಗಿನ ನೆರವನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ 1973ರ ಜುಲೈ 29ರಂದು ಹಾಲೆಂಡಿನ ಝಾಂಡ್‌ವೂರ್ಟ್ ಟ್ರ್ಯಾಕಿನಲ್ಲಿ ನಡೆದದ್ದನ್ನು ಮತ್ತೆ ನೆನೆಯಬೇಕಾಗುತ್ತದೆ. ರೋಜರ್ ವಿಲಿಯಮ್ಸನ್ ಎಂಬ 25ರ ಹರೆಯದ ಚಾಲಕನಿಗೆ ಅದು ಎರಡನೇ ಗ್ರ್ಯಾನ್ ಪ್ರಿ. ಮಗುಚಿದ ಕಾರಿನಡಿ ಸಿಕ್ಕಿಕೊಂಡ ಅವರಿಗೆ ಡಿಕ್ಕಿಯಿಂದ ದೊಡ್ಡ ಗಾಯವೇನೂ ಆಗಿರಲಿಲ್ಲ. ಟ್ರ್ಯಾಕ್ ಕಾಯಲು ಅಲ್ಲಿದ್ದ ಮಾರ್ಷಲ್‌ಗಳಿಗೆ ಬೆಂಕಿ ತಡೆಯುವ ಉಡುಪು ಇರಲಿಲ್ಲ, ಹತ್ತಿರ ಹೋಗಲಾಗಲಿಲ್ಲ. ಸಹಸ್ಪರ್ಧಿ ಡೇವಿಡ್ ಪರ್ಲಿ ತನ್ನ ರೇಸು ಬಿಟ್ಟು ಓಡಿಬಂದು ಒಬ್ಬನೇ ಕಾರು ಎತ್ತಲು ಹೆಣಗಿದ. ಕೈಗೆ ಸಿಕ್ಕ ಒಂದೇ ಸಿಲಿಂಡರನ್ನು ಖಾಲಿಯಾಗುವ ತನಕ ಹಾಯಿಸಿದ. ಅದು ಸಾಲಲಿಲ್ಲ. ಉಳಿದ ಚಾಲಕರು ಉರಿಯುತ್ತಿರುವುದು ಪರ್ಲಿಯದೇ ಕಾರು, ಆತ ಹೊರಬಂದಿದ್ದಾನೆ ಎಂದುಕೊಂಡು ಪಕ್ಕದಲ್ಲೇ ಹಾದುಹೋದರು. ವಿಲಿಯಮ್ಸನ್ ಉಸಿರುಕಟ್ಟಿ ಸತ್ತರು. ಸಾವಿಗೆ ಮೊದಲ ದಾರಿ ಹೊಗೆ ಎಂಬುದನ್ನು ಇಲ್ಲಿ ಗಮನಿಸಬೇಕು. 1976ರಲ್ಲಿ ನೂರ್‌ಬುರ್ಗ್‌ರಿಂಗ್‌ನಲ್ಲಿ ಸುಟ್ಟುಕೊಂಡ ಚಾಲಕ ನಿಕಿ ಲೌಡಾರ ಮುಖದ ಕಲೆಗಳನ್ನು ಜಗತ್ತು ಕಂಡಿತು. ಅವರ ಜೀವಕ್ಕೇ ಸಂಚಕಾರ ತಂದದ್ದು ಒಳಗೆಳೆದುಕೊಂಡ ವಿಷದ ಗಾಳಿಯಿಂದ ಹದಗೆಟ್ಟ ಶ್ವಾಸಕೋಶ.

ಟ್ರ್ಯಾಕಿನಲ್ಲಾದರೂ ಮಾರ್ಷಲ್‌ಗಳು ಕಣ್ಣಳತೆಯಲ್ಲಿರುತ್ತಾರೆ. ರ‍್ಯಾಲಿಯಲ್ಲಿ ಆ ಭಾಗ್ಯವೂ ಇಲ್ಲ. 1986ರ ಮೇ 2ರಂದು ಕಾರ್ಸಿಕಾದ ಗುಡ್ಡದ ತಿರುವಿನಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸೆರ್ಜಿಯೊ ಕ್ರೆಸ್ಟೊ ಇದ್ದ ಲಾನ್ಸಿಯಾ ಕಾರು ರಸ್ತೆ ಬಿಟ್ಟು ಕೆಳಕ್ಕೆ ಉರುಳಿದಾಗ ಪಕ್ಕದಲ್ಲಿ ನಿಂತು ಕಂಡವರು ಯಾರೂ ಇರಲಿಲ್ಲ. ಸೀಟಿನಡಿಯ ಇಂಧನ ಟ್ಯಾಂಕು ಒಡೆದಿತ್ತು. ಜನ ತಲುಪುವ ಹೊತ್ತಿಗೆ ಕಾರಿನ ಹಂದರವಷ್ಟೇ ಉಳಿದಿತ್ತು. ಅಂಥ ಬೆಂಕಿಯಿಂದ ಕಾರಿನೊಳಗಿನ ಸಿಲಿಂಡರ್ ಅವರನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ನೆರವು ಎಷ್ಟು ದೂರದಲ್ಲಿರುತ್ತದೆ ಎಂಬುದಕ್ಕಾಗಿ ಅದನ್ನು ಹೇಳುತ್ತಿದ್ದೇನೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ರ‍್ಯಾಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕಾರು ಹಿಡಿಸುವಷ್ಟು ದಾರಿ, ಎರಡೂ ಕಡೆ ಗಿಡ, ತಿರುವಿನಾಚೆ ಏನಿದೆಯೆಂದು ಕಾಣದು. ಒಂದು ಕಾರು ಉರುಳಿದರೆ ಕೆಲಸ ಗೊತ್ತಿದ್ದವರಲ್ಲಿ ಮೊದಲು ಬರುವುದು ಮುಂದಿನ ಸ್ಪರ್ಧಿ, ಅದೂ ಒಂದೆರಡು ನಿಮಿಷ ಬಿಟ್ಟು. ಸೂಟು ಕೊಟ್ಟದ್ದು 12 ಸೆಕೆಂಡು ಎಂಬುದನ್ನು ಇಲ್ಲಿ ಮತ್ತೆ ಲೆಕ್ಕಕ್ಕೆ ತನ್ನಿ.

ಇದಕ್ಕೆ ಎದುರಾಗಿ ಬರುವ ದೊಡ್ಡ ಆಕ್ಷೇಪ 2020ರ ಬಹರೈನ್‌ನದು. ಆ ವರ್ಷದ ನವೆಂಬರ್ 29ರಂದು ಫಾರ್ಮುಲಾ ಒನ್ ಚಾಲಕ ರೊಮೇನ್ ಗ್ರೋಜಾನ್ ಗಂಟೆಗೆ 192 ಕಿ.ಮೀ. ವೇಗದಲ್ಲಿ ತಡೆಬೇಲಿಗೆ ಗುದ್ದಿದಾಗ ಕಾರು ಎರಡು ತುಂಡಾಯಿತು, ಇಂಧನ ಹೊತ್ತಿ ಉರಿಯಿತು. ಜಗತ್ತಿನ ಅತಿ ದುಬಾರಿ ಕಾರಿನೊಳಗಿನ ನಂದಿಸುವ ವ್ಯವಸ್ಥೆಯೂ ಆ ಬೆಂಕಿಯ ಮುಂದೆ ಲೆಕ್ಕಕ್ಕಿರಲಿಲ್ಲ, ಹಾಗಿರುವಾಗ ಹವ್ಯಾಸಿಯ ಹ್ಯಾಚ್‌ಬ್ಯಾಕಿಗೆ ಅದೇಕೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗ್ರೋಜಾನ್ ಹೊರಬರಲು ತೆಗೆದುಕೊಂಡದ್ದು 27 ಸೆಕೆಂಡು. ಸಿಕ್ಕಿಬಿದ್ದ ಎಡಪಾದವನ್ನು ಬೂಟಿನಿಂದ ಕಿತ್ತುಕೊಂಡು ಅವರು ಮೇಲೆದ್ದರು. ರೇಸಿನ ಮೊದಲ ಸುತ್ತಾದ್ದರಿಂದ ವೈದ್ಯಕೀಯ ಕಾರು ಬೆನ್ನಹಿಂದೆಯೇ ಇತ್ತು, ಕೆಲವೇ ಸೆಕೆಂಡುಗಳಲ್ಲಿ ಅಲ್ಲಿಗೆ ಬಂತು. ಹೊಸ ಮಾನದಂಡದ ಸೂಟು, ತಲೆ ಕಾಪಾಡಿದ ‘ಹ್ಯಾಲೋ’ ಎಂಬ ಚೌಕಟ್ಟು, ಓಡಿಬಂದ ವೈದ್ಯ, ಇವೆಲ್ಲ ಒಂದಕ್ಕೊಂದು ಕೂಡಿ ಅವರು ಕೈ ಸುಟ್ಟುಕೊಂಡು ಬದುಕಿದರು. ಇದರಲ್ಲಿ ಯಾವ ಒಂದನ್ನು ತೆಗೆದರೂ ಕತೆ ಬೇರೆಯಾಗುತ್ತಿತ್ತು. ನಮ್ಮ ಹವ್ಯಾಸಿ ಚಾಲಕನಿಗೆ ಹ್ಯಾಲೋ ಇಲ್ಲ, ಬೆನ್ನಿಗೆ ವೈದ್ಯನಿಲ್ಲ. ಉಳಿದಿರುವ ಒಂದೆರಡು ಪದರಗಳಲ್ಲಿ ನಂದಿಸುವ ವ್ಯವಸ್ಥೆಯನ್ನೂ ಬಿಟ್ಟುಕೊಡು ಎಂದು ಹೇಳುವುದಕ್ಕೆ ಬಹರೈನ್ ಸಾಕ್ಷಿಯಾಗಲಾರದು. ಅದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಅದೇ ವರ್ಷದ ಮಾರ್ಚಿನಲ್ಲಿ ಮೆಕ್ಸಿಕೊ ರ‍್ಯಾಲಿಯಲ್ಲಿ ಎಸಪೆಕ್ಕಾ ಲಾಪ್ಪಿಯವರ ಫಿಯೆಸ್ಟಾ. ಹಿಂಭಾಗದಿಂದ ಹೊತ್ತಿಕೊಂಡ ಬೆಂಕಿ ಕಾರನ್ನು ಪೂರ್ತಿ ತಿಂದುಹಾಕಿತು, ಒಳಗಿದ್ದ ಇಬ್ಬರೂ ಗಾಯವಿಲ್ಲದೆ ಹೊರಬಂದಿದ್ದರು. ಕಾರು ಹೋಗಿ ಜನ ಉಳಿದರೆ ಅದೇ ಗೆಲುವು ಎಂಬ ಅಳತೆಗೋಲಿನಿಂದಲೇ ಈ ವ್ಯವಸ್ಥೆಯನ್ನು ಅಳೆಯಬೇಕು.

ಇನ್ನು ಕೂರಿಸುವ ಕೆಲಸ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲಿ. ಎಫ್‌ಐಎಯ ‘ಜೆ’ ಅನುಬಂಧದ 253ನೇ ವಿಧಿ ಸಿಲಿಂಡರಿನ ಕಟ್ಟು 25 ಜಿ ಹೊಡೆತ ತಾಳಬೇಕು ಎನ್ನುತ್ತದೆ. ಕೇಳುವುದಕ್ಕೆ ಒಣ ನಿಯಮ. ದ್ರವ ತುಂಬಿದ ಆರು ಕೆ.ಜಿ. ಸಿಲಿಂಡರನ್ನು ಕೈಯಲ್ಲಿ ಹಿಡಿದು ಯೋಚಿಸಿ: ಆ ಹೊಡೆತದಲ್ಲಿ ಅದು ನೂರೈವತ್ತು ಕೆ.ಜಿ.ಯ ಗುಂಡಾಗಿ ಮುಂದಕ್ಕೆ ನುಗ್ಗುತ್ತದೆ, ಮುಂದಿರುವುದು ಚಾಲಕನ ಬೆನ್ನು. ತೆಳು ತಗಡಿನ ನೆಲಕ್ಕೆ ನಾಲ್ಕು ಸ್ಕ್ರೂ ಬಿಗಿದರೆ ಅದು ತಗಡಿನ ಸಮೇತ ಕಿತ್ತು ಬರುತ್ತದೆ. ಬೋಲ್ಟು ನೆಲವನ್ನು ದಾಟಿ ಕೆಳಗೆ ಅಗಲ ಪ್ಲೇಟಿನ ಮೇಲೆ ಕೂರಬೇಕು, ಸಿಲಿಂಡರಿಗೆ ಎರಡು ಲೋಹದ ಪಟ್ಟಿ ಬೇಕು, ಪ್ಲಾಸ್ಟಿಕ್ ಟೈ ನಡೆಯುವುದಿಲ್ಲ. ತಯಾರಕರು ಹೇಳಿದ ಕೋನದಲ್ಲೇ ಮಲಗಿಸಬೇಕು. ಕಾರು ಅಂಗಾತ ಬಿದ್ದಾಗಲೂ ದ್ರವ ಚಿಮ್ಮಬೇಕೆಂದು ನಿಯಮವಿದೆ. ಮನಬಂದಂತೆ ಓರೆಯಾಗಿ ಕೂರಿಸಿದರೆ ಒಳಗಿನ ಕೊಳವೆಯ ಬಾಯಿಗೆ ದ್ರವ ಸಿಗದೆ ಬರೀ ಗಾಳಿ ಹೊರಬರಬಹುದು.

ಅಲ್ಲಿಂದ ಮುಂದಕ್ಕೆ ಪೈಪು. ಬೆರಳಿಗಿಂತ ತೆಳುವಾದ ಆ ಅಲ್ಯುಮಿನಿಯಂ ಪೈಪನ್ನು ಮೊಣಕಾಲಿಗೆ ಆನಿಸಿ ಬಗ್ಗಿಸಿದರೆ ಒಂದು ಕಡೆ ಚಪ್ಪಟೆಯಾಗುತ್ತದೆ, ಹೊರಗಿನಿಂದ ನೋಡಿದರೆ ನೆಟ್ಟಗೇ ಕಾಣುತ್ತದೆ, ಒತ್ತಡ ಅಲ್ಲೇ ಸಾಯುತ್ತದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ದಾಟುವಲ್ಲಿ ಕೊರೆದ ತೂತನ್ನು ಹಾಗೇ ಬಿಟ್ಟರೆ, ಬೆಂಕಿ ನಂದಿಸಲು ಮಾಡಿದ ತೂತೇ ಬೆಂಕಿಗೆ ಬಾಗಿಲಾಗುತ್ತದೆ. ಬಾನೆಟ್ಟಿನಡಿಯ ನಾಝಲ್‌ಗಳು ಇಂಧನದ ಪೈಪು ಮತ್ತು ಟರ್ಬೊ ಇರುವ ಕಡೆ ಮುಖ ಮಾಡಿರಬೇಕು, ಕ್ಯಾಬಿನ್ನಿನವು ತೊಡೆ ಮತ್ತು ಪಾದದ ಕಡೆಗೆ. ಮುಖಕ್ಕೆ ನೇರ ಹಾಯಬಾರದು. ನಮ್ಮ ರ‍್ಯಾಲಿಗಳಲ್ಲಿ ಕೆಸರು ನುಗ್ಗಿ ಒಣಗಿ ನಾಝಲ್ ಬಾಯಿ ಕಟ್ಟುವುದು ಸಹಜ, ಪ್ರತಿ ಸರ್ವಿಸಿನಲ್ಲೂ ಅದನ್ನು ಒರೆಸಿ ನೋಡುವ ರೂಢಿ ಬೇಕು. ಕೇಬಲ್ ಎಳೆದು ಚಲಾಯಿಸುವ ವ್ಯವಸ್ಥೆಯಾದರೆ ಕೇಬಲ್ಲು ದೊಡ್ಡ ಸುತ್ತಿನಲ್ಲಿ ಬರಬೇಕು. ಎರಡು ಕಡೆ ಲಂಬವಾಗಿ ಮಡಚಿದರೆ ಹಿಡಿ ಎಳೆದಷ್ಟೂ ಉಜ್ಜಾಟದಲ್ಲೇ ಬಲ ತೀರಿ, ಆಚೆ ತುದಿ ಅಲುಗುವುದಿಲ್ಲ. ವಿದ್ಯುತ್ತಿನಿಂದ ಚಲಿಸುವುದಾದರೆ ಅದಕ್ಕೆ ತನ್ನದೇ ಬ್ಯಾಟರಿ ಇರಬೇಕು. ಅಪಘಾತವಾದೊಡನೆ ಮಾಡುವ ಮೊದಲ ಕೆಲಸವೇ ಕಾರಿನ ವಿದ್ಯುತ್ ಕಡಿಯುವುದು, ಅದರೊಂದಿಗೆ ಇದೂ ಸತ್ತರೆ ಇಟ್ಟು ಫಲವೇನು?

ವ್ಯವಸ್ಥೆಯನ್ನು ಚಲಾಯಿಸುವ ಗುಂಡಿಯ ಜಾಗಕ್ಕೆ ಬಂದರೆ ತಪ್ಪು ಇನ್ನೂ ಸಲೀಸು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸೀಟಿನಲ್ಲಿ ಕುಳಿತು ಕೈಚಾಚಿ, ಡ್ಯಾಶ್‌ಬೋರ್ಡಿನಲ್ಲಿ ಚೆಂದ ಕಾಣುವ ಕಡೆ ಗುಂಡಿ ಇಡುತ್ತಾನೆ. ಅವನ ಭುಜಕ್ಕೆ ಬೆಲ್ಟಿಲ್ಲ, ಕುತ್ತಿಗೆ ಕಾಪಾಡುವ ಹ್ಯಾನ್ಸ್ ಸಾಧನವಿಲ್ಲ, ಕೈಗೆ ದಪ್ಪ ಗ್ಲೌಸಿಲ್ಲ. ಸ್ಪರ್ಧೆಯ ದಿನ ಬೆಲ್ಟು ಬಿಗಿದಾಗ ಅದೇ ಗುಂಡಿ ಚಾಲಕನ ಬೆರಳ ತುದಿಯಿಂದ ನಾಲ್ಕು ಇಂಚು ಆಚೆ ಇರುತ್ತದೆ. ಈ ನಾಲ್ಕು ಇಂಚು ಕಾಗದದ ಮೇಲೆ ಎಲ್ಲೂ ಕಾಣುವುದಿಲ್ಲ, ರಸೀದಿಯಲ್ಲೂ ಇಲ್ಲ, ಹಾಲೊಗ್ರಾಂ ಚೀಟಿಯಲ್ಲೂ ಇಲ್ಲ. ಇದಕ್ಕೆ ಪಿನ್ನಿನ ವಿಷಯ ಬೇರೆ. ಸಾಗಿಸುವಾಗ ತಪ್ಪಿ ಚಿಮ್ಮದಿರಲೆಂದು ಹಾಕುವ ಸುರಕ್ಷತಾ ಪಿನ್ ತೆಗೆಯದೆ ಸ್ಟಾರ್ಟಿಗೆ ಹೋದರೆ ಉಳಿದ ಕೆಲಸ ಎಷ್ಟೇ ನಾಜೂಕಾಗಿದ್ದರೂ ವ್ಯರ್ಥ. ಚಲಾಯಿಸುವ ಕ್ರಮವೂ ಗೊತ್ತಿರಬೇಕು. ಕಾರು ಓಡುತ್ತಿರುವಾಗಲೇ ಎಳೆದರೆ ದ್ರವ ಗಾಳಿಪಾಲು. ಪಂಪು ತಿರುಗುತ್ತಿರುವಾಗ ಎಳೆದರೆ, ತಾಸಿಗೆ ಇನ್ನೂರು ಲೀಟರಿಗೂ ಹೆಚ್ಚು ದೂಡಬಲ್ಲ ಅದು ಒಡೆದ ಪೈಪಿನಿಂದ ಬೆಂಕಿಗೆ ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ನಿಲ್ಲಿಸು, ವಿದ್ಯುತ್ ಕಡಿ, ಎಳೆ, ಇಳಿ. ಗಾಬರಿಯಲ್ಲೂ ಕೈ ತಾನಾಗಿ ಮಾಡುವಷ್ಟು ಅಭ್ಯಾಸವಾಗಿರಬೇಕು.

ಕೈಯಲ್ಲಿ ಹಿಡಿಯುವ ಸಣ್ಣ ಸಿಲಿಂಡರ್ ಸಾಕು ಎನ್ನುವವರು ಅದನ್ನು ಬಳಸುವವನು ಎಲ್ಲಿರುತ್ತಾನೆ ಎಂದು ಯೋಚಿಸಿದಂತಿಲ್ಲ. ಬೆಲ್ಟಿನಲ್ಲಿ ಸಿಕ್ಕವನು ಅದನ್ನು ಬಿಚ್ಚಿ ತೆಗೆದು ಬಾನೆಟ್ಟಿನೊಳಗೆ ಹಾಯಿಸಲಾರ. ಹೊರಬಂದವನಿಗೆ ಅದು ಕಾರು ಉಳಿಸಿಕೊಳ್ಳಲು ಉಪಯೋಗ, ಇಲ್ಲವೇ ಮುಂದೆ ಉರಿಯುತ್ತಿರುವ ಇನ್ನೊಬ್ಬನ ಕಾರಿಗೆ. ಎರಡೂ ಬೇಕು, ಒಂದು ಇನ್ನೊಂದರ ಬದಲಿಗಲ್ಲ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಎಬಿಸಿ ಪೌಡರಿನ ಡಬ್ಬಿಯನ್ನು ಮುಚ್ಚಿದ ಕ್ಯಾಬಿನ್ನಿನಲ್ಲಿ ಹಾಯಿಸಿದರೆ ಕಣ್ಣು ಕಾಣದು, ಉಸಿರಾಡಲಾಗದು. ಪೈಪಿನ ವ್ಯವಸ್ಥೆಗೆ ನೊರೆ ಅಥವಾ ಅನಿಲ ಬಳಸುವುದು ಅದಕ್ಕೇ. ನೊರೆ ತಂಪು ಮಾಡಿ ಪೆಟ್ರೋಲಿನ ಮೇಲೆ ಪೊರೆ ಹಾಸುವುದರಿಂದ ಮತ್ತೆ ಹೊತ್ತದಂತೆ ತಡೆಯುತ್ತದೆ, ಆಮೇಲೆ ತೊಳೆಯುವ ಕೆಲಸ ಮಾತ್ರ ಬೇಕಾದಷ್ಟು. ಅನಿಲಗಳ ಪೈಕಿ ನೊವೆಕ್ 1230 ಬಗೆಯದು ಸಿಲಿಂಡರಿನಲ್ಲಿ ದ್ರವ, 49 ಡಿಗ್ರಿಗೆ ಕುದಿಯುವುದರಿಂದ ಚಿಮ್ಮಿದ ಕೂಡಲೇ ಆವಿಯಾಗಿ ಶಾಖ ಹೀರುತ್ತದೆ, ಕೊಳೆ ಬಿಡುವುದಿಲ್ಲ, ಆದರೆ ಗಾಜೊಡೆದ ಕಾರಿನಲ್ಲಿ ಬೇಗ ಹಾರಿಹೋಗುತ್ತದೆ. ಗಾಜು ಪುಡಿಯಾಗಿ ಉರುಳುವುದೇ ಹೆಚ್ಚಾದ ರ‍್ಯಾಲಿಗೆ ನನ್ನ ಆಯ್ಕೆ ನೊರೆಯೇ. ಬ್ಯಾಟರಿ ಕಾರುಗಳ ಬೆಂಕಿಯದು ಬೇರೆಯೇ ಜಾತಿ, ಈ ಸಿಲಿಂಡರುಗಳ ಕೈಗೆ ಸಿಗುವಂಥದ್ದಲ್ಲ.

ಖರ್ಚಿನ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಾನ್ಯತೆ ಪಡೆದ ವ್ಯವಸ್ಥೆಗಳು ಬಹುಪಾಲು ಹೊರದೇಶದಿಂದ ಬರಬೇಕು, ಸುಂಕ ಸೇರುತ್ತದೆ, ಎರಡು ವರ್ಷಕ್ಕೊಮ್ಮೆ ಸರ್ವಿಸ್ ಆಗಬೇಕು. ಹಳೇ ಕಾರು ಕೊಂಡು, ಸಂಬಳದಲ್ಲಿ ಉಳಿಸಿ ಟೈರು ಹಾಕಿಸುವ ಹುಡುಗನಿಗೆ ಅದು ನಿಜವಾದ ಹೊರೆ. ಅವನನ್ನು ಕ್ರೀಡೆಯಿಂದ ಹೊರಗಟ್ಟುವ ನಿಯಮ ನನಗೂ ಬೇಡ. ಆದರೆ ಆ ಹೊರೆ ಇಳಿಸುವ ದಾರಿಗಳಿವೆ. ಕ್ಲಬ್ಬುಗಳು ಒಟ್ಟಾಗಿ ತರಿಸಬಹುದು, ಬೆಂಗಳೂರಿನಂಥ ಕಡೆ ಒಂದೇ ಜಾಗದಲ್ಲಿ ಮರುಭರ್ತಿ ಮತ್ತು ಸರ್ವಿಸ್ ಏರ್ಪಡಿಸಬಹುದು, ಎರಡು ಋತುಗಳ ಕಾಲಾವಕಾಶ ಕೊಟ್ಟು ಹಂತ ಹಂತವಾಗಿ ತರಬಹುದು. ಹೆಲ್ಮೆಟ್ಟು, ರೋಲ್ ಕೇಜ್ ಬಂದಾಗಲೂ ದುಬಾರಿಯೆನಿಸಿದ್ದು ಇದ್ದೇ ಇದೆ, ಇಂದು ಅವಿಲ್ಲದೆ ಸ್ಟಾರ್ಟಿಗೆ ಬರಲು ಯಾರೂ ಕೇಳುವುದಿಲ್ಲ. ಐದಾರು ಕೆ.ಜಿ. ತೂಕದ ತಕರಾರಿಗೆ ಉತ್ತರ ಸುಲಭ: ಎಲ್ಲರ ಕಾರಿಗೂ ಕಡ್ಡಾಯವಾದರೆ ಯಾರಿಗೂ ನಷ್ಟವಿಲ್ಲ. ಸ್ವಇಚ್ಛೆಗೆ ಬಿಟ್ಟರೆ ಮಾತ್ರ ಎಚ್ಚರದಿಂದಿರುವವನು ಹಿಂದೆ ಬೀಳುತ್ತಾನೆ. ತಪ್ಪಿ ಚಿಮ್ಮಿ ರೇಸು ಕೆಡುತ್ತದೆ ಎಂಬ ಭಯ ಇರುವವರು ಕೇಬಲ್ಲನ್ನೂ ಗುಂಡಿಯ ಮುಚ್ಚಳವನ್ನೂ ನೋಡಿಕೊಳ್ಳಲಿ. ಅದು ಕೂರಿಸಿದವರ ತಪ್ಪು, ಉಪಕರಣದ್ದಲ್ಲ.

ಆದ್ದರಿಂದ ನಿಯಮದ ಪುಸ್ತಕಕ್ಕಿಂತ ತಪಾಸಣೆಯ ದಿನದ ಮೇಲೆ ನನಗೆ ಹೆಚ್ಚು ಕಾಳಜಿ. ತಪಾಸಕರು ಚಾಲಕನನ್ನೂ ನ್ಯಾವಿಗೇಟರನ್ನೂ ಪೂರ್ತಿ ಉಡುಪಿನಲ್ಲಿ ಕೂರಿಸಿ, ಬೆಲ್ಟು ಬಿಗಿಸಿ, ಕಣ್ಣು ಮುಚ್ಚಿಕೊಂಡು ಹಿಡಿಯನ್ನು ಮುಟ್ಟಲು ಹೇಳಲಿ. ಹೊಗೆಯಲ್ಲಿ ಕಣ್ಣು ಇದ್ದೂ ಇಲ್ಲದ ಹಾಗೆ. ಇಬ್ಬರಲ್ಲಿ ಒಬ್ಬರಿಗೆ ಎಟುಕದಿದ್ದರೂ ಕಾರು ಹಿಂದಕ್ಕೆ ಹೋಗಲಿ. ಸಿಲಿಂಡರನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಲಿ, ಪೈಪಿನ ದಾರಿಯನ್ನು ಟಾರ್ಚು ಹಿಡಿದು ಕೊನೆತನಕ ನೋಡಲಿ. ಇದಕ್ಕೆ ಒಂದು ಕಾರಿಗೆ ಐದು ನಿಮಿಷ ಹೆಚ್ಚು ಹಿಡಿಯಬಹುದು. ನಲವತ್ತು ಕಾರುಗಳಿದ್ದರೆ ಮೂರು ತಾಸಿಗೂ ಮಿಗಿಲು, ಕೈ ಸಾಲದು ಎಂದು ಸಂಘಟಕರು ಹೇಳುತ್ತಾರೆ, ಅದೂ ಸುಳ್ಳಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತಾವೇ ಸ್ಪರ್ಧಾ ಕಾರು ಕಟ್ಟುವ ವಿದ್ಯಾರ್ಥಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ತರಬೇತಿ ಕೊಟ್ಟು ಜೊತೆಗೆ ನಿಲ್ಲಿಸಿದರೆ ಕೈಯೂ ಸಿಗುತ್ತದೆ, ನಾಳೆಯ ತಪಾಸಕರೂ ಸಿಗುತ್ತಾರೆ.

ಕೊನೆಗೆ ಹೊರಗಿನ ಹಿಡಿ. ಚಾಲಕನಿಗೆ ಪ್ರಜ್ಞೆ ತಪ್ಪಿದ್ದರೆ ಇರಲೆಂದು ಕಾರಿನ ಹೊರಗೂ ಒಂದು ಎಳೆಯುವ ಬಳೆ ಇಡುತ್ತಾರೆ, ಸಾಮಾನ್ಯವಾಗಿ ಮುಂಗಾಜಿನ ಕೆಳಮೂಲೆಯಲ್ಲಿ. ಅದರ ಪಕ್ಕ ಕೆಂಪು ಅಂಚಿನ, ಕನಿಷ್ಠ ಹತ್ತು ಸೆಂ.ಮೀ. ಅಗಲದ ಬಿಳಿ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ. ವಿದ್ಯುತ್ ಕಡಿಯುವ ಹಿಡಿಗೆ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು. ಮಾರ್ಷಲ್‌ಗಳಿಗೆ ಇದು ಗೊತ್ತು. ಆದರೆ ಕಾಫಿ ತೋಟದ ನಡುವೆ ಉರುಳಿದ ಕಾರಿನ ಹತ್ತಿರ ಮೊದಲು ಓಡಿಬರುವವರು ತೋಟದ ಕೆಲಸಗಾರರು, ಬೇಲಿಯ ಮೇಲೆ ಕುಳಿತು ನೋಡುತ್ತಿದ್ದ ಊರ ಹುಡುಗರು. ಅವರಿಗೆ ಆ ‘ಇ’ ಒಂದು ಸ್ಟಿಕ್ಕರ್ ಅಷ್ಟೆ. ರ‍್ಯಾಲಿಯ ಹಿಂದಿನ ದಿನ ದಾರಿ ಬಂದ್ ಇದೆ ಎಂದು ಹಂಚುವ ಕರಪತ್ರದಲ್ಲೇ ಆ ಎರಡು ಗುರುತುಗಳ ಚಿತ್ರ ಹಾಕಿ, ಮಿಂಚಿನ ಗುರುತಿನ ಹಿಡಿಯನ್ನು ಮೊದಲು ಎಳೆಯಿರಿ, ‘ಇ’ ಗುರುತಿನ ಬಳೆಯನ್ನು ಆಮೇಲೆ ಎಳೆಯಿರಿ, ಬಾನೆಟ್ ಎತ್ತಬೇಡಿ ಎಂದು ಕನ್ನಡದಲ್ಲಿ ಮೂರು ಸಾಲು ಅಚ್ಚು ಹಾಕಿಸುವುದಕ್ಕೆ ಯಾವ ಮಾನ್ಯತೆಯೂ ಬೇಕಿಲ್ಲ, ಹೊರದೇಶದಿಂದ ಏನನ್ನೂ ತರಿಸಬೇಕಿಲ್ಲ. ಮುಂದಿನ ರ‍್ಯಾಲಿಗೇ ಅದು ಆಗಬಹುದು.